ಗಂಜಿ ಹಾಕಿದ ಡೇರೆ

ಮೊನ್ನೆ ಕೊಯಮತ್ತೂರಿನ ಪೀಳಮೇಡಿನಲ್ಲಿ ಮಗನ ಮನೆಯಲ್ಲಿದ್ದಾಗ ಹಿಂದಿನ ಓಣಿಯ ಇಸ್ತ್ರಿ ಅಂಗಡಿಯವನು ಗಂಜಿ ಕಾಯಿಸಿದ. ಈಗಿನವರು ಯಾವುದೋ ಪುಡಿ ಕಲಸಿ ಕೆಲಸ ಮುಗಿಸುತ್ತಾರೆ. ಇವನು ಮಾತ್ರ ಹಳೆಯ ಕಾಲದವನು, ಅಕ್ಕಿ ಗಂಜಿಯನ್ನೇ ಹುಳಿ ಬರಿಸಿ ಕಾಯಿಸುತ್ತಾನೆ. ಆ ಹುಳಿ ಹುಳಿಯಾದ, ತುಸು ತಳ ಹತ್ತಿದ ವಾಸನೆ ಕಿಟಕಿಯಿಂದ ಬಂದದ್ದೇ ತಡ, ನಾನು ಕಾಫಿ ಲೋಟ ಕೆಳಗಿಟ್ಟು ನಗತೊಡಗಿದೆ. ಸೊಸೆ ಗಾಬರಿಯಾದಳು. ಈ ವಯಸ್ಸಿನಲ್ಲಿ ಒಬ್ಬಳೇ ಕೂತು ನಕ್ಕರೆ ಮನೆಯವರು ಡಾಕ್ಟರಿಗೆ ಫೋನು ಮಾಡುತ್ತಾರೆ. ಅವಳಿಗೆ ಏನೆಂದು ಹೇಳಲಿ? ನನ್ನ ಡೇರೆಯನ್ನು ಎತ್ತು ತಿಂದಿತ್ತು ಅಂದರೆ ನಂಬುವವಳಲ್ಲ. ಬರೆದಿಟ್ಟರೆ ನಂಬಿಯಾಳು ಎಂದುಕೊಂಡು ಬರೆಯುತ್ತಿದ್ದೇನೆ.

ಮೂವತ್ತರ ದಶಕದ ನಡುವಿನ ಮಾತು. ನನಗೆ ಹದಿನೆಂಟೋ ಹತ್ತೊಂಬತ್ತೋ. ನಾವಿದ್ದದ್ದು ಪಲ್ಲಡಂ ಪಕ್ಕದ ಒಂದು ಊರಿನ ನೇಕಾರರ ಬೀದಿಯಲ್ಲಿ. ಬೀದಿಯ ತುಂಬ ನಮ್ಮವರೇ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಅಲ್ಲಿ ಯಾರಿಗೂ ಬರುತ್ತಿರಲಿಲ್ಲ. ನಾನು ಕಲಿತದ್ದು ಮದುವೆಯಾಗಿ ಕೊಳ್ಳೇಗಾಲ ಸೇರಿದ ಮೇಲೆ. ಬೀದಿ ಅಂದರೆ ನಮಗೆ ಓಡಾಡುವ ಜಾಗಕ್ಕಿಂತ ಹೆಚ್ಚಾಗಿ ಕೆಲಸದ ಜಾಗ. ಮಗ್ಗಕ್ಕೆ ಏರಿಸುವ ಮೊದಲು ಉದ್ದೆಳೆಗಳ ಹಾಸನ್ನು ಬೀದಿಯುದ್ದಕ್ಕೂ ಕವೆಗೋಲುಗಳ ಮೇಲೆ ಚಾಚಿ, ಗಂಜಿ ಸವರಿ, ದೊಡ್ಡ ಕುಂಚದಿಂದ ತೀಡಿ ಒಣಗಿಸಬೇಕು. ಎಳೆಗಳ ಈ ಹಾಸನ್ನು ನಾವು ಪಾವು ಎನ್ನುತ್ತಿದ್ದೆವು. ಬಿಸಿಲೇರುವ ಮೊದಲೇ ಇದೆಲ್ಲ ಮುಗಿಯಬೇಕು, ತಡವಾದರೆ ಗಂಜಿ ಬಿರುಸಾಗಿ ಎಳೆಗಳು ಪಟಪಟ ಕಡಿಯುತ್ತವೆ. ಒಂದು ಮನೆಯವರಿಂದ ಆಗುವ ಕೆಲಸವಲ್ಲ ಅದು. ಇವತ್ತು ನಿಮ್ಮ ಪಾವಿಗೆ ನಾವು, ನಾಳೆ ನಮ್ಮ ಪಾವಿಗೆ ನೀವು. ಕೂಲಿಯಿಲ್ಲ, ಕರೆಯುವುದೂ ಇಲ್ಲ. ನಸುಕಿನಲ್ಲಿ ಕವೆಗೋಲು ನೆಡುವ ಸದ್ದು ಕೇಳಿದರೆ ಸಾಕು, ಮನೆಗೊಬ್ಬ ಗಂಡಸು ಪಂಚೆ ಎತ್ತಿಕಟ್ಟಿಕೊಂಡು ಬಂದು ನಿಲ್ಲುತ್ತಿದ್ದ.

ನಮ್ಮ ಮನೆಯಲ್ಲಿ ಗಂಡಸು ಅಂದರೆ ಅಪ್ಪ ಒಬ್ಬನೇ. ಅವ್ವ, ನಾನು, ಜೊತೆಗೆ ಅಪ್ಪನ ತಂಗಿ ಲಿಂಗತ್ತೆ. ಲಿಂಗತ್ತೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದವಳು. ಬಂದವಳು ಮೂಲೆಯಲ್ಲಿ ಕೂರಲಿಲ್ಲ. ತಿರುಪ್ಪೂರು ರಸ್ತೆಯ ಹತ್ತಿ ಬಿಡಿಸುವ ಕಾರ್ಖಾನೆಗೆ ಕೆಲಸಕ್ಕೆ ಸೇರಿ, ನಡೆದು ನಡೆದು ಸಾಕಾಗಿ, ಹಳೆಯ ಗಂಡಸರ ಸೈಕಲ್ ಒಂದನ್ನು ಕೊಂಡು, ಸೀರೆ ಕಚ್ಚೆ ಹಾಕಿ ಓಡಿಸುತ್ತಿದ್ದಳು. ಬೀದಿ ಅವಳನ್ನು ಕೆಟ್ಟುಹೋದವಳ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗಿತ್ತು. ಅವಳೇ ನನ್ನನ್ನೂ ಅಪ್ಪನ ಸೈಕಲ್ ಮೇಲೆ ಕೂರಿಸಿ ಓಡಿಸಲು ಕಲಿಸಿದಳು. ಬಿದ್ದಾಗಲೆಲ್ಲ ಎತ್ತಲು ಬರುತ್ತಿರಲಿಲ್ಲ, ದೂರದಲ್ಲಿ ನಿಂತು ಬಯ್ಯುತ್ತಿದ್ದಳು.

ಆಷಾಢದ ಹೊತ್ತಿನ ಆಡಿ ತಿಂಗಳು ಬಂತು. ಆ ತಿಂಗಳಲ್ಲಿ ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಗಾಳಿಯನ್ನು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಹೆಂಚು ಅಲುಗುತ್ತದೆ, ಅನ್ನದಲ್ಲಿ ಮಣ್ಣು ಸಿಗುತ್ತದೆ, ಜನ ಕಾರಣವಿಲ್ಲದೆ ಜಗಳವಾಡುತ್ತಾರೆ. ಹತ್ತಿಯ ಕಾಲ ಮುಗಿದು ಅತ್ತೆಯ ಕಾರ್ಖಾನೆ ಬಾಗಿಲು ಹಾಕಿತ್ತು. ಒಂದು ಸಂಜೆ ಅವಳು ಸೈಕಲ್ ಸರಪಳಿಗೆ ಎಣ್ಣೆ ಬಿಡುತ್ತ ಕೇಳಿದಳು:

“ಏನೇ ನಂಜಿ, ಹೊಳೆ ನೋಡಿದೀಯಾ ನೀನು?”

“ತಿರುಪ್ಪೂರಲ್ಲಿ ನೊಯ್ಯಲ್ ನೋಡಿದೀನಲ್ಲ ಅತ್ತೆ.”

“ಅದ್ರಲ್ಲಿ ನೀರಿಗಿಂತ ಮರಳೇ ಜಾಸ್ತಿ. ತುಂಬಿ ಹರಿಯೋ ಹೊಳೆ ನೋಡಿದೀಯಾ ಅಂದೆ. ಮೇಟ್ಟುಪಾಳ್ಯದ ಹತ್ರ ಭವಾನಿ ಈಗ ತುಂಬಿರುತ್ತೆ. ಶರಿ, ಹೊರಡು. ಇಬ್ಬರೂ ಸೈಕಲಲ್ಲೇ ಹೋಗಿ ಮಿಂದು ಬರೋಣ.”

ಅಷ್ಟೇ. ಅದರ ಹಿಂದೆ ಬೇರೆ ಯಾವ ಉದ್ದೇಶವೂ ಇರಲಿಲ್ಲ. ಹೋಗಿ ಬರುವುದಕ್ಕೆ ಐದಾರು ದಿನ ಹಿಡಿಯುತ್ತದೆ, ದಾರಿಯ ಊರುಗಳಲ್ಲಿ ನಮ್ಮವರ ಮನೆಗಳಿವೆ, ಯಾರದಾದರೂ ತಿಣ್ಣೆಯ ಮೇಲೆ ಮಲಗಿದರಾಯಿತು ಎಂದುಕೊಂಡಿದ್ದೆವು. ತಿಣ್ಣೆ ಅಂದರೆ ಮನೆ ಮುಂದಿನ ಜಗಲಿ, ದಾರಿಹೋಕರಿಗೆಂದೇ ಕಟ್ಟಿಸಿದ್ದು, ನಮ್ಮ ಕುಲದವರಿಗಂತೂ ಕೇಳುವ ಅಗತ್ಯವೇ ಇರಲಿಲ್ಲ.

ಸುದ್ದಿ ಎರಡು ದಿನದಲ್ಲಿ ಶೆಟ್ಟಿಗಾರರ ಕಿವಿಗೆ ಬಿತ್ತು. ಬೀದಿಯ ಕುಲದ ಹಿರಿಯರನ್ನು ನಾವು ಶೆಟ್ಟಿಗಾರರು ಎನ್ನುತ್ತಿದ್ದೆವು. ಮದುವೆ, ಸಾವು, ಪಾಲು, ಜಗಳ ಎಲ್ಲಕ್ಕೂ ಅವರ ಮಾತೇ ಕೊನೆ. ಕೆಟ್ಟವರೇನಲ್ಲ. ನಮ್ಮಜ್ಜ ಸತ್ತಾಗ ಮೂರು ದಿನ ನಮ್ಮ ಮನೆ ಬಿಟ್ಟು ಕದಲದವರು. ಆದರೆ ತಮ್ಮ ಕಣ್ಣಳತೆಗೆ ಮೀರಿದ್ದು ಯಾವುದೂ ಬೀದಿಯಲ್ಲಿ ನಡೆಯಬಾರದು ಎಂಬ ಹಟ ಅವರಿಗೆ. ಬಂದು ನಮ್ಮ ತಿಣ್ಣೆಯ ಮೇಲೆ ಕೂತು, ಅವ್ವ ಕೊಟ್ಟ ನೀರು ಕುಡಿದು, ಒಳಗೆ ಮಗ್ಗದ ಗುಂಡಿಯಲ್ಲಿದ್ದ ಅಪ್ಪನಿಗೆ ಕೇಳಿಸುವ ಹಾಗೆ ಹೇಳಿದರು:

“ನಿನ್ ತಂಗಿ ಕತೆ ಬೇರೆ, ಅದು ಮುಗಿದ್ ಹೋಯ್ತು. ಈ ಪೊಣ್ಣಿಗೆ ನಾಳೆ ಗಂಡು ನೋಡ್ಬೇಕು. ಗಂಡಸಿನ್ ಥರ ಕಾಲ್ ಹಾಕ್ಕೊಂಡು ಊರೂರ್ ಸುತ್ತಿ ಬಂದ್ರೆ ಯಾವನ್ ಬರ್ತಾನೆ ಕಟ್ಕೊಳ್ಳೋಕೆ? ಇಂಥದ್ ಈ ಬೀದೀಲಿ ನಡೆದಿಲ್ಲ, ನಡೆಯೋದೂ ಬೇಡ.”

ಮಗ್ಗ ನಿಲ್ಲಲಿಲ್ಲ. ಅವರು ಮುಂದುವರಿಸಿದರು. “ನಾನ್ ಹೇಳಿದ್ ಮೇಲೂ ಹೋದ್ರೆ, ಸೂಲೂರಿಂದ ಕಾರಮಡೈವರೆಗೂ ನಮ್ಮವರ ಒಂದು ತಿಣ್ಣೆ ಸಿಗಲ್ಲ ಇವ್ರಿಗೆ. ನಿನ್ ಪಾವಿಗೆ ಬೀದಿಯಿಂದ ಒಂದು ಕೈ ಬರಲ್ಲ. ದೀಪಾವಳಿ ಪಾವು ಸುತ್ತಿ ಇಟ್ಟಿದೀಯಲ್ಲ, ಅದನ್ನ ಹೇಗ್ ಚಾಚ್ತೀಯೋ ಚಾಚ್ಕೋ.”

ಲಿಂಗತ್ತೆ ಒಳಗಿನಿಂದಲೇ ಉತ್ತರ ಕೊಟ್ಟಳು. “ತಿಣ್ಣೆ ಕೊಡದಿದ್ರೆ ಬೇಡ ಬಿಡಿ ಶೆಟ್ಟಿಗಾರರೇ. ನಾವೇ ಒಂದ್ ತಿಣ್ಣೆ ಕಟ್ಕೊಂಡ್ ಹೋಗ್ತೀವಿ.”

ಅತ್ತೆಯ ಮಾತಿಗೆ ನಗು ಬರಬೇಕಿತ್ತು. ನನಗೆ ಬರಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು. ಅಲ್ಲಿಯವರೆಗೆ ಭವಾನಿ ಹೊಳೆ ನನಗೆ ಅರ್ಧ ಆಸೆ, ಅರ್ಧ ಭಯ. ನನ್ನ ಕಾಲನ್ನು ತಡೆಯಲು ಅಪ್ಪನ ಕೈಯನ್ನೇ ಕಟ್ಟಿಹಾಕಲು ಹೊರಟರಲ್ಲ, ಆಮೇಲೆ ಹೋಗದೆ ಇರುವುದು ಸಾಧ್ಯವೇ ಇರಲಿಲ್ಲ. ಆದರೆ ಆ ದೀಪಾವಳಿ ಪಾವು ಹಾಳಾದರೆ ಅಪ್ಪನ ಮೂರು ತಿಂಗಳ ನೇಯ್ಗೆ ಹೋಯಿತು, ವರ್ಷದ ಊಟವೆಲ್ಲ ಅದರಲ್ಲೇ ಇತ್ತು. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಬೇಡ ಅಂದರೆ ಬಿಟ್ಟುಬಿಡುವುದು ಎಂದು ನಿಶ್ಚಯಿಸಿಕೊಂಡೆ. ಅಪ್ಪ ಅನ್ನ ಕಲಸಿಕೊಂಡು, ಮೇಲೆ ನೋಡದೆ ಕೇಳಿದ:

“ಡೇರೆಗೆ ಎಷ್ಟು ಗಜ ಬೇಕಾಗುತ್ತೆ?”

ನಮ್ಮಪ್ಪ ಜೀವಮಾನದಲ್ಲಿ ಯಾರಿಗೂ ಎದುರಾಡಿದವನಲ್ಲ. ಮರುದಿನ ಹಿಂದಿನ ಕೋಣೆಯ ಮಗ್ಗದಲ್ಲಿ ಉಳಿದಿದ್ದ ದಪ್ಪ ನೂಲಿನ ತುಂಡು ಪಾವನ್ನು ನನಗೆ ತೋರಿಸಿ, “ನೀನೇ ನೇಯಿ” ಎಂದು ಹೇಳಿ ತನ್ನ ಕೆಲಸಕ್ಕೆ ಹೋದ.

ನೇಯ್ದೆ. ಎರಡು ಅಂಚು ಸೇರಿಸಿ ಹೊಲಿದು, ಮೂಲೆಗಳಿಗೆ ಹಗ್ಗದ ಕುಣಿಕೆ ಹಾಕಿದೆವು. ಆಮೇಲೆ ಒಂದು ಕೆಲಸ ಮಾಡಿದೆವು, ನೇಕಾರರ ಮನೆಯವರು ಮಾತ್ರ ಮಾಡುವಂಥದ್ದು. ನಮ್ಮ ಮನೆಯಿಂದ ಗಂಜಿ ಕಾಣದ ಬಟ್ಟೆ ಹೊರಗೆ ಹೋದದ್ದಿಲ್ಲ. ಹಾಗಾಗಿ ಯಾರೂ ಯೋಚಿಸದೆ, ಯಾರೂ ಕೇಳದೆ, ಡೇರೆಗೂ ಗಂಜಿ ಹಾಕಿದೆವು. ಮಳೆ ನೀರು ಇಳಿಯದಿರಲಿ ಎಂದು ಎರಡು ಸಲ ಹಾಕಿದೆವು. ಒಣಗಿದ ಮೇಲೆ ಅದು ತಟ್ಟಿದರೆ ಸದ್ದು ಬರುವಷ್ಟು ಗಟ್ಟಿಯಾಯಿತು. ಅಪ್ಪ ಬೆರಳಿನಿಂದ ಬಡಿದು ನೋಡಿ ತಲೆದೂಗಿದ.

ಸಾಮಾನು ಕಟ್ಟುವುದು ಸುಲಭ ಎಂದುಕೊಂಡಿದ್ದೆ. ನಾವು ಬಟ್ಟೆ ಮೂಟೆ ಕಟ್ಟುವ ಜನ, ಇದೇನು ಮಹಾ. ಮೊದಲ ಸಲ ಎಲ್ಲವನ್ನೂ ಒಂದೇ ಮೂಟೆ ಮಾಡಿ ಕ್ಯಾರಿಯರ್ ಮೇಲೆ ಹೇರಿ ಬಿಗಿದೆ. ಕೈ ಬಿಟ್ಟದ್ದೇ ಸೈಕಲ್ ಮುಂದಿನ ಚಕ್ರ ಎತ್ತಿ, ಹಿಂದಕ್ಕೆ ಅಂಗಾತ ಬಿತ್ತು. ಅವ್ವ ಬಾಗಿಲಲ್ಲಿ ನಿಂತು ನೋಡಿದಳು. ಅವಳು ನಾಲ್ಕು ದಿನದಿಂದ ನಮ್ಮ ಜೊತೆ ಮಾತು ಬಿಟ್ಟಿದ್ದಳು.

ಅಂಗಳದಲ್ಲಿ ಎಲ್ಲ ಬಿಚ್ಚಿ ಹರವಿ ಮತ್ತೆ ಶುರು ಮಾಡಿದೆವು. ರಾಗಿ ಹಿಟ್ಟು, ಅವಲಕ್ಕಿ, ಹುರಿಗಡಲೆ ಪುಡಿ, ಬೆಲ್ಲ, ಉಪ್ಪು, ಹುಣಸೆ, ಒಣಮೆಣಸಿನಕಾಯಿ. ಒಂದು ತಪ್ಪಲೆ, ಅದರೊಳಗೆ ಎರಡು ಲೋಟ, ಲೋಟದೊಳಗೆ ಬೆಂಕಿಪೊಟ್ಟಣ ಮೇಣದ ಬಟ್ಟೆಯಲ್ಲಿ ಸುತ್ತಿ. ಲಾಂದ್ರ, ಬಿರಡೆ ಹಾಕಿದ ಸೀಮೆಎಣ್ಣೆ ಬಾಟಲಿ. ಪಂಪು, ಸ್ಪ್ಯಾನರ್, ಪಂಕ್ಚರಿಗೆ ರಬ್ಬರ್ ಚೂರು ಮತ್ತು ಅಂಟು. ಕುಡುಗೋಲು ಒಂದು, ಸೌದೆ ಕಡಿಯೋದಕ್ಕೆ ಅಂತ ಅತ್ತೆ ಹೇಳಿದಳು, ಬೇರೆಯದಕ್ಕೂ ಆಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಎರಡು ಕಂಬಳಿ. ಡೇರೆಯ ಬಿದಿರುಗಳನ್ನು ಸೈಕಲ್ಲಿನ ಅಡ್ಡ ಸಲಾಕೆಗೆ ಉದ್ದಕ್ಕೆ ಕಟ್ಟಿದೆವು. ಭಾರವನ್ನೆಲ್ಲ ಎರಡು ಗೋಣಿ ಚೀಲಕ್ಕೆ ಸಮವಾಗಿ ಹಂಚಿ ಕ್ಯಾರಿಯರಿನ ಎರಡೂ ಪಕ್ಕ ಇಳಿಬಿಟ್ಟು, ಹಗುರಾದದ್ದನ್ನು ಹ್ಯಾಂಡಲಿಗೆ ಕಟ್ಟಿದೆವು. ಡೇರೆಯದೇ ದೊಡ್ಡ ತಲೆನೋವು. ಗಂಜಿ ಕುಡಿದ ಬಟ್ಟೆ ಮಡಿಚಿದರೆ ಮಡಿಚುವುದಿಲ್ಲ, ಸುತ್ತಿದರೆ ಸುತ್ತುವುದಿಲ್ಲ. ಕೊನೆಗೆ ಅತ್ತೆ ಅದರ ಮೇಲೆ ಕೂತಳು, ನಾನು ಹಗ್ಗ ಬಿಗಿದೆ.

ನಾನು ಒಳಗೆ ಹೋಗಿ ಬರುವಷ್ಟರಲ್ಲಿ ನನ್ನ ಚೀಲ ಉಬ್ಬಿತ್ತು. ತೆಗೆದು ನೋಡಿದರೆ ನಿಂಬೆಕಾಯಿ ಉಪ್ಪಿನಕಾಯಿಯ ಜಾಡಿ, ಹಳೆಯ ಸೀರೆ ಒಂದು, ಶುಂಠಿ ತುಂಡು. ಜಾಡಿ ಭಾರ ಎಂದು ತೆಗೆದಿಟ್ಟೆ. ಮತ್ತೆ ನೋಡಿದರೆ ಅದು ಚೀಲದೊಳಗೇ ಇತ್ತು. ಮೂರನೇ ಸಲ ತೆಗೆಯುವಾಗ ಅವ್ವ ಮಾತಾಡಿದಳು. “ಹಠ ಹೊತ್ಕೊಂಡ್ ಹೋಗೋಳಿಗೆ ಜಾಡಿ ಭಾರ ಆಗೋಯ್ತಾ?” ಜಾಡಿಯನ್ನು ಹಾಗೇ ಬಿಟ್ಟೆ.

ಮರುದಿನ ಬೆಳಿಗ್ಗೆ ಹೊರಟೆವು. ಕದ್ದು ಹೋಗಬಾರದು ಎಂದು ಬೇಕೆಂದೇ ಬೀದಿಯ ಪಾವು ಎತ್ತುವವರೆಗೆ ಕಾದು, ಎಲ್ಲರೂ ತಿಣ್ಣೆಯ ಮೇಲೆ ಕೂತು ಬಾಯಿ ಮುಕ್ಕಳಿಸುವ ಹೊತ್ತಿಗೆ ನಡುಬೀದಿಯಲ್ಲಿ ಸೈಕಲ್ ಹತ್ತಿದೆವು. ಸಾಮಾನಿನ ಭಾರಕ್ಕೆ ನನ್ನ ಹ್ಯಾಂಡಲ್ ಹಾವಿನ ಹಾಗೆ ಆಡುತ್ತಿತ್ತು. ಇಲ್ಲಿ ಬಿದ್ದರೆ ಸಾಯುವುದೇ ಮೇಲು ಅಂದುಕೊಂಡು ತುಳಿದೆ, ಬೀಳಲಿಲ್ಲ.

ಊರು ದಾಟಿದ ಮೇಲೆ ಗಾಳಿ ಎದುರಾಯಿತು. ಪಲ್ಲಡದಿಂದ ಕೊಯಮತ್ತೂರಿನ ದಾರಿ ನೇರ ಪಶ್ಚಿಮಕ್ಕೆ, ಆಡಿ ಗಾಳಿ ನೇರ ಪೂರ್ವಕ್ಕೆ. ತುಳಿಯುವುದು ನಿಲ್ಲಿಸಿದರೆ ಇಳಿಜಾರಿನಲ್ಲೂ ಸೈಕಲ್ ನಿಲ್ಲುತ್ತಿತ್ತು. ಕಣ್ಣು, ಮೂಗು, ಹಲ್ಲು ಎಲ್ಲ ಮಣ್ಣು. ಲಿಂಗತ್ತೆ ಮುಂದೆ, ನಾನು ಅವಳ ಬೆನ್ನಿನ ಮರೆಯಲ್ಲಿ. ಬಂಡಿಗಳವರು ನಿಲ್ಲಿಸಿ ನೋಡಿದರು, ಕೆಲವರು ಕೂಗಿದರು. ಅತ್ತೆ ತಮಿಳಿನಲ್ಲಿ ಕೊಟ್ಟ ಉತ್ತರಗಳನ್ನು ಇಲ್ಲಿ ಬರೆಯುವಂತಿಲ್ಲ. ಸೂಲೂರು ಸೇರುವಾಗ ಹೊತ್ತು ಇಳಿದಿತ್ತು. ಅಲ್ಲಿ ಅವ್ವನ ಕಡೆಯ ನೆಂಟರ ಮನೆಯೊಂದಿತ್ತು. ಆ ಮನೆಯಾಕೆ ಬಾಗಿಲು ಅರ್ಧ ತೆರೆದು, “ಮಾತು ಬಂದಿದೆ ಕಣಮ್ಮ, ತಪ್ಪು ತಿಳ್ಕೋಬೇಡಿ” ಎಂದು ಹೇಳಿ ಬಾಗಿಲು ಹಾಕಿಕೊಂಡಳು. ಶೆಟ್ಟಿಗಾರರ ಮಾತು ನಮಗಿಂತ ಬೇಗ ಬಂದಿತ್ತು. ನನಗೆ ಅಳು ಬಂತು, ನಿಜ. ಅತ್ತೆ ನೋಡಲಿಲ್ಲ ಎಂಬಂತೆ ಮುಂದೆ ಹೋದಳು.

ಊರ ಹೊರಗೆ ಬಂಡಿಗಳು ತಂಗುವ ಬಯಲಿತ್ತು. ಹೆಂಡತಿ ಮಕ್ಕಳ ಸಮೇತ ಸರಕು ಬಂಡಿಯವರು ಅಲ್ಲಿ ಒಲೆ ಹೂಡಿದ್ದರು. ಅವರ ನಡುವೆ ನಮ್ಮ ಡೇರೆ ಎದ್ದಿತು. ಒಬ್ಬ ಮುದುಕ ಬಂಡಿಯವ ಹತ್ತಿರ ಬಂದು, “ಎಂಗ ಪೋರೀಂಗ ಅಮ್ಮಿಣಿ?” ಎಂದ. ಎಲ್ಲಿಗೆ ಹೋಗುತ್ತೀರಿ ಮಗಳೇ ಎಂದು ಅವರ ಕಡೆಯ ಮರ್ಯಾದೆಯ ಮಾತು. ಭವಾನಿ ನೋಡೋಕೆ ಅಂದೆ. ಅವನು ಯಾಕೆ ಎಂದು ಕೇಳಲಿಲ್ಲ. “ನೀರು ಚೆನ್ನಾಗಿದೆ ಈ ವರ್ಷ” ಎಂದು ತಮಿಳಿನಲ್ಲೇ ಹೇಳಿ, ಬಂಡಿಯನ್ನು ನಮ್ಮ ಡೇರೆಗೆ ಗಾಳಿ ಮರೆಯಾಗುವಂತೆ ತಿರುಗಿಸಿ ನಿಲ್ಲಿಸಿದ. ಆ ಸಂಜೆ ಕಲಸಿದ ರಾಗಿ ಮುದ್ದೆ ಅರ್ಧ ಬೆಂದಿತ್ತು, ಉಪ್ಪಿನಕಾಯಿಯ ಜೊತೆ ಪೂರ್ತಿ ಖಾಲಿಯಾಯಿತು.

ಬೆಳಿಗ್ಗೆ ಕಣ್ಣು ಬಿಟ್ಟರೆ ತಲೆಯ ಮೇಲೆ ಆಕಾಶ ಕಂಡಿತು, ಪಕ್ಕದಲ್ಲಿ ಒಂದು ಎತ್ತಿನ ಮುಖ. ಮುದುಕನ ಎತ್ತು ಕಣ್ಣಿ ಬಿಚ್ಚಿಕೊಂಡು ಬಂದು ನಮ್ಮ ಡೇರೆಯನ್ನು ಶಾಂತವಾಗಿ ಮೇಯುತ್ತಿತ್ತು. ಎರಡು ಸಲ ಹಾಕಿದ ಅಕ್ಕಿ ಗಂಜಿ! ಅದಕ್ಕೇನು ಹಬ್ಬವೋ. ನಾನು ಎಳೆದರೆ ಅದೂ ಎಳೆಯಿತು. ಲಿಂಗತ್ತೆ ಎದ್ದು ಕೂತು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಯ್ಯೋ ನಮ್ ಬುದ್ಧಿಗೆ, ಡೇರೆಗೆ ಯಾರಾದ್ರೂ ಗಂಜಿ ಹಾಕ್ತಾರಾ?” ಅವಳು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ತಿಂದು ಹೋದ ಜಾಗಕ್ಕೆ ಅವ್ವ ತುರುಕಿದ್ದ ಹಳೆಯ ಸೀರೆ ಸೇರಿಸಿ ಹೊಲಿದೆವು. ಮುಂದೆ ದಾರಿಯುದ್ದಕ್ಕೂ ನಮ್ಮ ಡೇರೆಗೆ ಮೇಕೆಗಳ ಕಾಟ.

ಪೀಳಮೇಡಿನ ಮಿಲ್ಲಿನ ಹೊಗೆ, ಕೊಯಮತ್ತೂರಿನ ಗದ್ದಲ ದಾಟಿ ಉತ್ತರಕ್ಕೆ ತಿರುಗಿದ ಮೇಲೆ ಗಾಳಿ ಪಕ್ಕಕ್ಕೆ ಸರಿಯಿತು. ಎಡಕ್ಕೆ ಬೆಟ್ಟಗಳು, ಅವುಗಳ ಮೇಲಿನಿಂದ ಸಣ್ಣ ತುಂತುರು. ಮುಂದೆ ತಂಗಿದ ರಾತ್ರಿ ಮಳೆ ಜೋರಾಗಿ ಗಂಜಿ ಕರಗಿ ಮುಖದ ಮೇಲೆ ತೊಟ್ಟಿಕ್ಕಿತು. ಬೆಳಗ್ಗೆ ನಮ್ಮಿಬ್ಬರ ಕೂದಲೂ ಮುರಿಯಬಹುದಾದಷ್ಟು ಗಟ್ಟಿಯಾಗಿತ್ತು. ಕಾರಮಡೈ ಬಂದಾಗ ಹೊಟ್ಟೆ ಹಸಿದು, ರಂಗನಾಥನ ಗುಡಿಯ ಕಡೆ ತಲೆಯೂ ಹಾಕದೆ ತೋಟದವನೊಬ್ಬನ ಬಳಿ ಬಾಳೆಹಣ್ಣು ಕೇಳಿ ತಿಂದು ಮುಂದೆ ಹೊರಟೆವು.

ಆಮೇಲೆ ಭವಾನಿ. ಕೆಂಪಾಗಿ, ದಡ ಮುಟ್ಟಿ, ಸದ್ದು ಮಾಡುತ್ತ ಹರಿಯುತ್ತಿತ್ತು. ಕಲ್ಲುಗಳ ನಡುವೆ ನೀರು ತುಸು ನಿಂತ ಜಾಗ ನೋಡಿ ಇಳಿದೆ. ತಣ್ಣಗಿನ ನೀರು ಕುತ್ತಿಗೆವರೆಗೆ ಬಂದಾಗ ಜೋರಾಗಿ ಕೂಗಬೇಕೆನಿಸಿತು, ಕೂಗಿದೆ. ಯಾರೂ ಬಾಯಿ ಮುಚ್ಚು ಅನ್ನಲಿಲ್ಲ. ನಾನು ಅಷ್ಟು ಸಂತೋಷಪಟ್ಟದ್ದು ಬದುಕಿನಲ್ಲಿ ಕಡಿಮೆ. ಮಕ್ಕಳು ಹುಟ್ಟಿದಾಗ ಸಂತೋಷದ ಜೊತೆ ನೋವೂ ಇತ್ತು, ಅಲ್ಲಿ ನೋವೇನೂ ಇರಲಿಲ್ಲ. ಎರಡು ದಿನ ಅಲ್ಲೇ ಇದ್ದು ಹೊರಟೆವು.

ವಾಪಸು ಬರುವಾಗ ಗಾಳಿ ಬೆನ್ನಿಗಿತ್ತು. ಬೇಗ ಬಂದೆವು, ನನಗೆ ಬೇಡವಾದಷ್ಟು ಬೇಗ. ಬೀದಿ ಹತ್ತಿರವಾದಂತೆ ದೀಪಾವಳಿ ಪಾವಿನ ಯೋಚನೆ ಹತ್ತಿತು. ಮನೆ ಮುಂದೆ ಇಳಿದರೆ ಶೆಟ್ಟಿಗಾರರು ತಿಣ್ಣೆಯ ಮೇಲೆ ಕೂತಿದ್ದಾರೆ, ಎದುರಿಗೆ ಅಪ್ಪ ನಿಂತಿದ್ದಾನೆ. ನಾನು ಬಯ್ಗುಳಕ್ಕೆ ತಯಾರಾಗಿದ್ದೆ. ಅವರು ಬಯ್ಯಲಿಲ್ಲ. ನಿಧಾನವಾಗಿ ಹೇಳಿದರು:

“ಬಂದ್ಯಾ ಕಣ್ಣು, ಮಗಳೇ. ಆಗಿದ್ ಆಯ್ತು. ಕಾರಮಡೈ ರಂಗನಾಥನಿಗೆ ಹರಕೆ ಇತ್ತು, ಅದಕ್ಕೇ ಹೋಗಿದ್ದು ಅಂತ ನಾಳೆ ನಾಲ್ಕು ಜನದ್ ಮುಂದೆ ಒಂದ್ ಮಾತು ಹೇಳಿಬಿಡು. ದೇವರ ಕೆಲಸ ಅಂದ್ರೆ ಯಾರೂ ಏನೂ ಅನ್ನಲ್ಲ. ನಾಡಿದ್ದು ನಿಮ್ ಪಾವಿಗೆ ನಾನೇ ಮೊದಲು ಬಂದ್ ನಿಲ್ತೀನಿ.”

ಅವರಿಗೂ ಇದು ಮುಗಿದರೆ ಸಾಕಾಗಿತ್ತು ಎಂದು ಈಗ ಅನಿಸುತ್ತದೆ. ಒಂದು ಮಾತು. ನನ್ನ ಹೊಳೆ ನನಗೆ ಸಿಕ್ಕಾಗಿತ್ತು, ಅದನ್ನು ಯಾರೂ ಕಸಿಯುವಂತಿರಲಿಲ್ಲ. ಅಪ್ಪನ ಹೆಗಲು ಎಷ್ಟು ಬಾಗಿದೆ ಎಂದು ಅವತ್ತೇ ಕಂಡದ್ದು. ಹೇಳಿಬಿಡೋಣ ಎಂದು ಬಾಯಿ ತೆರೆದೆ. ನನಗಿಂತ ಮೊದಲು ಅಪ್ಪ ಮಾತಾಡಿದ.

“ಹರಕೆ ಗಿರಕೆ ಏನೂ ಇರ್ಲಿಲ್ಲ ಶೆಟ್ಟಿಗಾರರೇ. ಹೊಳೆ ನೋಡ್ಬೇಕು ಅನ್ನಿಸ್ತು, ಹೋದ್ಲು. ಸುಮ್ನೆ ಹೋದ್ಲು.”

ಶೆಟ್ಟಿಗಾರರು ಹೆಗಲ ವಸ್ತ್ರ ಕೊಡವಿ ಎದ್ದು ಹೋದರು.

ಪಾವಿಗೆ ಯಾರೂ ಬರಲಿಲ್ಲ. ನಸುಕಿನಲ್ಲಿ ಅಪ್ಪ ಕವೆಗೋಲು ನೆಟ್ಟ, ಸದ್ದು ಬೀದಿಯ ತುದಿವರೆಗೂ ಕೇಳಿಸಿತು, ಬಾಗಿಲುಗಳು ತೆರೆಯಲಿಲ್ಲ. ಒಂದು ತುದಿಗೆ ಅಪ್ಪ, ಇನ್ನೊಂದಕ್ಕೆ ಲಿಂಗತ್ತೆ, ನಡುವೆ ಕುಂಚ ಹಿಡಿದು ನಾನು ಮತ್ತು ಅವ್ವ. ಹೆಂಗಸರು ಗಂಜಿ ಕುಂಚ ಹಿಡಿದದ್ದು ಆ ಬೀದಿಯಲ್ಲಿ ಅದೇ ಮೊದಲು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಚ್ಚಿದ ಬಾಗಿಲುಗಳನ್ನು ಒಂದೊಂದಾಗಿ ನೋಡುತ್ತ ತೀಡಿದಳು. ನಾಲ್ಕು ಜನ ಸಾಲಲಿಲ್ಲ. ಬಿಸಿಲೇರಿತು, ಆಡಿ ಗಾಳಿ ಬೀದಿಯಲ್ಲಿ ನುಗ್ಗಿತು, ಎಳೆಗಳು ಕಡಿಯತೊಡಗಿದವು. ಮಧ್ಯಾಹ್ನದವರೆಗೆ ನಾಲ್ವರೂ ಕಡಿದ ಎಳೆಗಳಿಗೆ ಗಂಟು ಹಾಕುತ್ತಲೇ ಇದ್ದೆವು. ಅಪ್ಪ ಆ ಪಾವನ್ನೇ ಮಗ್ಗಕ್ಕೆ ಏರಿಸಿ ನೇಯ್ದ. ಮೈತುಂಬ ಗಂಟಾದ ಆ ಸೀರೆಗಳನ್ನು ವ್ಯಾಪಾರಿ ಬೆರಳಲ್ಲಿ ಸವರಿ ಪಕ್ಕಕ್ಕಿಟ್ಟ. ಆ ವರ್ಷ ನಾವು ಒಂದೇ ಹೊತ್ತು ಅನ್ನ, ಇನ್ನೊಂದು ಹೊತ್ತು ಗಂಜಿ ಉಂಡೆವು. ಅಪ್ಪ ಒಂದು ಸಲವೂ ಹೋಗಬಾರದಿತ್ತು ಅನ್ನಲಿಲ್ಲ.

ದೀಪಾವಳಿಯ ದಿನ ಆ ಸೀರೆಗಳಲ್ಲಿ ಒಂದನ್ನು ನಾನು ಉಟ್ಟೆ. ಮೈಗೆ ಚುಚ್ಚುತ್ತಿತ್ತು. ಬೀದಿಯವರೆಲ್ಲ ಹೊಸ ಬಟ್ಟೆ ಹಾಕಿಕೊಂಡು ತಿಣ್ಣೆಗಳ ಮೇಲೆ ಕೂತಿದ್ದ ಹೊತ್ತಿಗೆ ಕಚ್ಚೆ ಬಿಗಿದು, ಅಪ್ಪನ ಸೈಕಲ್ ತೆಗೆದು, ನಡುಬೀದಿಯಲ್ಲೇ ಹೊರಟೆ. ಶೆಟ್ಟಿಗಾರರ ಮನೆ ಮುಂದೆ ಬಂದಾಗ ಅವರು ಎದ್ದು ನಿಂತು ಕೇಳಿದರು, “ಎಲ್ಲಿಗಮ್ಮ?”

“ಸುಮ್ನೆ” ಅಂದೆ, ಸೈಕಲ್ ನಿಲ್ಲಿಸದೆ.